ಹಿರಿಯರ ಬಸ್ ಪಾಸ್: ತೊರಪಳ್ಳಿವರೆಗೆ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ?

ಮಂಗಳೂರಿನ 67 ವರ್ಷದ ಒಬ್ಬ ಉಮ್ಮ ಮಗಳನ್ನು ಗೂಡಲೂರು ಕಡೆ ಮದುವೆ ಮಾಡಿ ಕೊಟ್ಟಿದ್ದಾರೆ ಎಂದು ಇಟ್ಟುಕೊಳ್ಳಿ. ಮಗಳ ಮನೆ ತೊರಪಳ್ಳಿಯಲ್ಲಿ. ಉಮ್ಮನ ಕೈಯಲ್ಲಿ ಆಧಾರ್ ಉಂಟು, ಬಸ್ ಫ್ರೀ ಎಂದು ಯಾರೋ ಹೇಳಿದ್ದಾರೆ. ಮೈಸೂರಿನಲ್ಲಿ ಊಟಿ ಬಸ್ ಹತ್ತಿದ ಮೇಲೆ ಕಂಡಕ್ಟರ್ ಹಣ ಕೇಳುತ್ತಾರೆ. ಉಮ್ಮನಿಗೆ ಮುಜುಗರ, ಹಿಂದಿನ ಸೀಟಿನವರಿಗೆ ತಮಾಷೆ. ಕಂಡಕ್ಟರ್ ಹೇಳಿದ್ದು ಸರಿ. ಉಮ್ಮನಿಗೆ ಹೇಳಿಕೊಟ್ಟದ್ದು ಅರ್ಧ ಮಾತ್ರ.

ಹಿರಿಯರ ರಿಯಾಯಿತಿ ಎಂಬುದು ರಾಜ್ಯದಿಂದ ರಾಜ್ಯಕ್ಕೆ, ಬಸ್ಸಿನಿಂದ ಬಸ್ಸಿಗೆ ಬದಲಾಗುತ್ತದೆ. ಎಲ್ಲ ಕಡೆ ನಡೆಯುವ ಒಂದೇ ಪಾಸ್ ನಮ್ಮಲ್ಲಿ ಇಲ್ಲ. ಮನೆಯ ಹಿರಿಯರನ್ನು ಬಸ್ ಹತ್ತಿಸುವ ಯುವಕ, ಯುವತಿಯರು ಈ ವಿಷಯಗಳನ್ನು ಒಮ್ಮೆ ಓದಿಟ್ಟುಕೊಳ್ಳುವುದು ಒಳ್ಳೆಯದು.

ಸ್ಮಾರ್ಟ್‌ಕಾರ್ಡ್ ಎಂದರೆ ಎಂತ?

ಪ್ಲಾಸ್ಟಿಕ್ ಕಾರ್ಡಿನ ಒಳಗೆ ಸಣ್ಣ ಚಿಪ್, ಅದರ ಸುತ್ತ ತೆಳುವಾದ ತಂತಿಯ ಆಂಟೆನಾ ಇರುತ್ತದೆ. ಬ್ಯಾಟರಿ ಇರುವುದಿಲ್ಲ. ಯಂತ್ರದ ಹತ್ತಿರ ಹಿಡಿದಾಗ ಯಂತ್ರದಿಂದ ಬರುವ ರೇಡಿಯೋ ಅಲೆಯೇ ಚಿಪ್‌ಗೆ ಕರೆಂಟ್ ಕೊಡುತ್ತದೆ. ಆಗ ಕಾರ್ಡ್ ತನ್ನ ಸಂಖ್ಯೆ, ಅವಧಿ, ಯಾವ ಬಗೆಯ ಪಾಸ್ ಎಂಬುದನ್ನು ಯಂತ್ರಕ್ಕೆ ತಿಳಿಸುತ್ತದೆ. ಕಾರ್ಡ್ ಕಳೆದುಹೋದರೆ ಆ ಸಂಖ್ಯೆಯನ್ನು ತಡೆಪಟ್ಟಿಗೆ ಸೇರಿಸುತ್ತಾರೆ. ಆ ಮೇಲೆ ಅದು ಯಾರ ಕೈಗೆ ಸಿಕ್ಕಿದರೂ ಕೆಲಸ ಮಾಡುವುದಿಲ್ಲ.

ಇಂಥ ಕಾರ್ಡ್‌ಗಳಲ್ಲಿ ಎರಡು ಬಗೆ. ಒಂದು ಹಣ ತುಂಬಿಸುವ ಕಾರ್ಡ್. 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್, ಚೆನ್ನೈಯ ಸಿಂಗಾರ ಚೆನ್ನೈ ಕಾರ್ಡ್, ಮಂಗಳೂರಿನ ಖಾಸಗಿ ಸಿಟಿ ಬಸ್‌ಗಳಿಗೆ ಬಂದ ಚಲೋ ಕಾರ್ಡ್ ಇವೆಲ್ಲ ಈ ಜಾತಿಯವು. ಚಿಲ್ಲರೆಯ ಕಿರಿಕಿರಿ ತಪ್ಪುತ್ತದೆ ಅಷ್ಟೇ, ಕಾರ್ಡ್ ಇದ್ದ ಮಾತ್ರಕ್ಕೆ ವಯಸ್ಸಿನ ರಿಯಾಯಿತಿ ಬರುವುದಿಲ್ಲ. ಇನ್ನೊಂದು ಹಕ್ಕಿನ ಕಾರ್ಡ್. ಅದರಲ್ಲಿ ಹಣ ಇರುವುದಿಲ್ಲ, "ಈ ವ್ಯಕ್ತಿಗೆ ಉಚಿತ ಅಥವಾ ಕಡಿಮೆ ದರ" ಎಂಬ ದಾಖಲೆ ಇರುತ್ತದೆ. ಬಹಳ ಮಂದಿ ಇವೆರಡನ್ನು ಒಂದೇ ಎಂದು ತಿಳಿದು ಮೋಸ ಹೋಗ್ತಾರೆ.

ಹಕ್ಕಿನ ಕಾರ್ಡಿಗೆ ಒಳ್ಳೆಯ ಉದಾಹರಣೆ ಇಂಗ್ಲೆಂಡ್. ಅಲ್ಲಿ 2008ರ ಏಪ್ರಿಲ್ 1ರಿಂದ ಹಿರಿಯರ ಪಾಸ್ ದೇಶದ ಎಲ್ಲ ಸ್ಥಳೀಯ ಬಸ್‌ಗಳಲ್ಲಿ ನಡೆಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 9.30ರಿಂದ ರಾತ್ರಿ 11ರವರೆಗೆ, ಶನಿವಾರ, ಭಾನುವಾರ ಇಡೀ ದಿನ ಉಚಿತ. ಅರ್ಹತೆಯ ವಯಸ್ಸನ್ನು ಸರ್ಕಾರಿ ಪಿಂಚಣಿ ವಯಸ್ಸಿಗೆ ಜೋಡಿಸಿದ್ದಾರೆ. ಹಿರಿಯರು ಕಾರ್ಡ್ ತೋರಿಸಿದ ಪ್ರತಿ ಸಲವೂ ಯಂತ್ರ ಒಂದು ಪ್ರಯಾಣ ಎಂದು ಬರೆದುಕೊಳ್ಳುತ್ತದೆ. ಆ ಲೆಕ್ಕದ ಆಧಾರದಲ್ಲಿ ಬಸ್ ಕಂಪೆನಿಗೆ ಸರ್ಕಾರದ ಕಡೆಯಿಂದ ಹಣ ಹೋಗುತ್ತದೆ.

ಶೂನ್ಯ ಟಿಕೆಟ್ ಯಾಕೆ ಬೇಕು?

ನಮ್ಮ ಬಸ್‌ಗಳಲ್ಲಿ ಇದೇ ಲೆಕ್ಕದ ಕೆಲಸ ಮಾಡುವುದು ಶೂನ್ಯ ಟಿಕೆಟ್. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಸೇವಾಸಿಂಧು ಮೂಲಕ ಶಕ್ತಿ ಸ್ಮಾರ್ಟ್‌ಕಾರ್ಡ್ ಕೊಡುವುದಾಗಿ ಆಗಲೇ ಹೇಳಿದ್ದರು. ಆದರೆ ಯೋಜನೆ ಶುರುವಾಗಿ ನಡೆದು ಬಂದದ್ದು ಫೋಟೋ ಮತ್ತು ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿಯ ಮೇಲೆಯೇ. ಚೀಟಿ ನೋಡಿ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಎಷ್ಟು ಟಿಕೆಟ್ ಹೋಯಿತೋ ಅಷ್ಟರ ಲೆಕ್ಕವನ್ನು ನಿಗಮ ಸರ್ಕಾರಕ್ಕೆ ಕೊಡುತ್ತದೆ.

ಹಾಗಾಗಿ "ಹೇಗೂ ಫ್ರೀ, ಟಿಕೆಟ್ ಯಾಕೆ" ಎಂದು ಬಿಡುವುದು ತಪ್ಪು. ಟಿಕೆಟ್ ಇಲ್ಲದಿದ್ದರೆ ನಿಗಮಕ್ಕೆ ಲೆಕ್ಕ ಸಿಗುವುದಿಲ್ಲ, ಚೆಕಿಂಗ್‌ನವರು ಬಂದರೆ ಪ್ರಯಾಣಿಕರಿಗೂ ತೊಂದರೆ. ಉಮ್ಮಂದಿರಿಗೆ ಹೇಳಿ: ಸೊನ್ನೆ ಬರೆದ ಆ ಚೀಟಿ ಇಳಿಯುವವರೆಗೆ ಕೈಯಲ್ಲೇ ಇರಲಿ. ಅದು ದಾನ ಅಲ್ಲ, ಸರ್ಕಾರ ಹಣ ಕೊಟ್ಟ ಟಿಕೆಟ್.

ಕರ್ನಾಟಕದಲ್ಲಿ ಯಾರಿಗೆ ಎಷ್ಟು?

ಶಕ್ತಿ ಯೋಜನೆ ಕರ್ನಾಟಕದ ಎಲ್ಲ ವಯಸ್ಸಿನ ಮಹಿಳೆಯರಿಗೆ. ಸರ್ಕಾರಿ ನಿಗಮಗಳ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್‌ಗಳಲ್ಲಿ ರಾಜ್ಯದ ಒಳಗೆ ಮಾತ್ರ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್‌ಗಳಿಗೆ ಇಲ್ಲ. ಅಂತರರಾಜ್ಯ ಬಸ್‌ಗಳಿಗೂ ಇಲ್ಲ. ಖಾಸಗಿ ಬಸ್‌ಗಳಿಗೆ ಇದು ಅನ್ವಯಿಸುವುದೇ ಇಲ್ಲ. ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸೇ ಹೆಚ್ಚಾದ ಕಾರಣ ನಮ್ಮವರು ಇದನ್ನು ಗಮನಿಸಬೇಕು.

ಗಂಡಸರಿಗೆ ಉಚಿತ ಇಲ್ಲ. ಆದರೆ 60 ತುಂಬಿದ ಕರ್ನಾಟಕದ ನಿವಾಸಿಗಳಿಗೆ ಕೆಎಸ್‌ಆರ್‌ಟಿಸಿ ಬಸ್‌ನಲ್ಲಿ ಮೂಲ ದರದ ಮೇಲೆ 25 ಶೇಕಡ ರಿಯಾಯಿತಿ ಉಂಟು. ಮೂಲ ದರ 200 ರೂಪಾಯಿ ಆದರೆ 50 ರೂಪಾಯಿ ಕಡಿಮೆ. ವಯಸ್ಸು ತೋರಿಸುವ ಗುರುತಿನ ಚೀಟಿ ಸಾಕು. ಕೆಲವು ಉಪ್ಪಂದಿರು ಸಂಕೋಚದಿಂದ ಕೇಳುವುದೇ ಇಲ್ಲ. ಟಿಕೆಟ್ ಯಂತ್ರದ ಗುಂಡಿ ಒತ್ತುವ ಮೊದಲೇ "ಸೀನಿಯರ್ ಸಿಟಿಜನ್" ಎಂದು ಹೇಳಬೇಕು. ಟಿಕೆಟ್ ಬಂದ ಮೇಲೆ ಹೇಳಿದರೆ ಕಂಡಕ್ಟರ್‌ಗೂ ಕಷ್ಟ. ಆನ್‌ಲೈನ್‌ನಲ್ಲಿ ಬುಕ್ ಮಾಡುವ ಮಕ್ಕಳು ಹಿರಿಯ ನಾಗರಿಕ ಎಂಬ ವಿಭಾಗವನ್ನು ಆರಿಸಲು ಮರೆಯಬಾರದು.

ರೈಲಿನ ವಿಷಯವೂ ಸ್ಪಷ್ಟವಾಗಲಿ. ಮೊದಲು 60 ದಾಟಿದ ಗಂಡಸರಿಗೆ 40 ಶೇಕಡ, 58 ದಾಟಿದ ಹೆಂಗಸರಿಗೆ 50 ಶೇಕಡ ರಿಯಾಯಿತಿ ಇತ್ತು. 2020ರ ಮಾರ್ಚ್ 20ರಿಂದ ಅದನ್ನು ನಿಲ್ಲಿಸಿದರು. ಲೋವರ್ ಬರ್ತ್‌ನ ಆದ್ಯತೆ ಮಾತ್ರ ಉಳಿದಿದೆ.

ಗಡಿ ದಾಟಿದ ಮೇಲೆ

ಮೈಸೂರಿನಿಂದ ತೊರಪಳ್ಳಿಗೆ ದಾರಿ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ಆಗಿ ಹೋಗುತ್ತದೆ. ಗಡಿ ದಾಟಿದರೆ ಮುದುಮಲೆ ಕಾಡು. ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಒಂದು ಮಸಿನಗುಡಿ ಕಡೆಗೆ, ಇನ್ನೊಂದು ಗೂಡಲೂರು ಕಡೆಗೆ. ತೊರಪಳ್ಳಿ ಸಿಗುವುದು ಗೂಡಲೂರಿನ ದಾರಿಯಲ್ಲಿ, ಕಾಡು ಮುಗಿಯುವ ಜಾಗದಲ್ಲಿ. ಊಟಿ ಎಂಬ ಬೋರ್ಡ್ ನೋಡಿ ಹತ್ತಬೇಡಿ, "ಗೂಡಲೂರು ಮೇಲೆ ಹೋಗ್ತದಾ" ಎಂದು ಕೇಳಿಯೇ ಹತ್ತಿಸಿ.

ನಮ್ಮ ಉಮ್ಮನ ಪ್ರಯಾಣ ಈಗ ಹೀಗಾಗುತ್ತದೆ. ಮಂಗಳೂರಿನಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಸಾರಿಗೆಯಲ್ಲಿ ಶೂನ್ಯ ಟಿಕೆಟ್. ಮೈಸೂರಿನಿಂದ ಊಟಿ ಬಸ್ ಹತ್ತಿದರೆ ಅದು ಅಂತರರಾಜ್ಯ ಬಸ್, ಹಣ ಕೊಡಬೇಕು. ಹಣ ಉಳಿಸಬೇಕೆಂದರೆ ಮೈಸೂರಿನಿಂದ ಗುಂಡ್ಲುಪೇಟೆಗೆ ರಾಜ್ಯದೊಳಗಿನ ಬಸ್ಸಿನಲ್ಲಿ ಶೂನ್ಯ ಟಿಕೆಟ್‌ನಲ್ಲಿ ಹೋಗಿ, ಅಲ್ಲಿಂದ ತೊರಪಳ್ಳಿಗೆ ಟಿಕೆಟ್ ತೆಗೆಯಬಹುದು. ಆದರೆ ಮಂಡಿನೋವು ಇರುವವರನ್ನು ಬ್ಯಾಗ್ ಸಮೇತ ಒಂದು ಸಲ ಹೆಚ್ಚು ಇಳಿಸಿ ಹತ್ತಿಸುವುದು ಬೇಕಾ ಎಂದು ಮನೆಯವರೇ ಯೋಚಿಸಲಿ. ಜೊತೆಗೆ ಉಪ್ಪ ಇದ್ದರೆ ಅಂತರರಾಜ್ಯ ಬಸ್ಸಿನಲ್ಲಿ 25 ಶೇಕಡ ರಿಯಾಯಿತಿ ಸಿಗುತ್ತದಾ ಎಂದು ಟಿಕೆಟ್‌ಗೆ ಮೊದಲೇ ಕೇಳಬೇಕು.

ತಮಿಳುನಾಡಿನ ಕಡೆ ಲೆಕ್ಕ ಬೇರೆ. 2021ರ ಮೇ ತಿಂಗಳಿಂದ ಅಲ್ಲಿನ ಸರ್ಕಾರಿ ಸಾಮಾನ್ಯ ಟೌನ್ ಬಸ್‌ಗಳಲ್ಲಿ ಮಹಿಳೆಯರಿಗೆ ಉಚಿತ. ಇದಕ್ಕೆ ವಿಡಿಯಲ್ ಪಯಣಂ ಎಂದು ಹೆಸರು. ಬೆಟ್ಟದ ಊರುಗಳಲ್ಲಿ ಟೌನ್ ಬಸ್ ವ್ಯವಸ್ಥೆ ಬಯಲುಸೀಮೆಯ ಹಾಗೆ ಇಲ್ಲದ ಕಾರಣ ನೀಲಗಿರಿಯವರಿಗೆ ಮೊದಲು ಇದರ ಲಾಭ ಸಿಕ್ಕಿರಲಿಲ್ಲ. 2024ರ ಬಜೆಟ್‌ನಲ್ಲಿ ನೀಲಗಿರಿ, ಕೊಡೈಕನಾಲ್, ವಾಲ್ಪಾರೈಗಳಿಗೂ ವಿಸ್ತರಿಸಿದರು. ಇಲ್ಲಿ ವಿಳಾಸದ ಚೀಟಿ ಕೇಳುವುದಿಲ್ಲ, ಆದ್ದರಿಂದ ಮಂಗಳೂರಿನ ಉಮ್ಮನೂ ಮಗಳ ಜೊತೆ ಹೋಗಬಹುದು. ಆದರೆ ಎಲ್ಲ ಬಸ್ ಫ್ರೀ ಅಲ್ಲ. ಹತ್ತುವ ಮೊದಲು "ಲೇಡೀಸ್ ಫ್ರೀ ಬಸ್ಸಾ" ಎಂದು ಕೇಳಿದರೆ ಮುಗಿಯಿತು. ಅಂಗವಿಕಲರಿಗೂ ಅವರ ಜೊತೆಗಿರುವ ಸಹಾಯಕರಿಗೂ ಈ ಟೌನ್ ಬಸ್‌ಗಳಲ್ಲಿ ಉಚಿತ ಉಂಟು.

60 ದಾಟಿದವರಿಗೆ ತಿಂಗಳಿಗೆ 10 ಉಚಿತ ಟೋಕನ್ ಕೊಡುವ ಯೋಜನೆಯ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಅದು ನಿಜ. 2016ರ ಫೆಬ್ರವರಿಯಲ್ಲಿ ಶುರುವಾದ ಯೋಜನೆ. ಆದರೆ ಚೆನ್ನೈ ನಿವಾಸಿಗಳಿಗೆ, ಚೆನ್ನೈ ನಗರ ಸಾರಿಗೆ ಬಸ್‌ಗಳಿಗೆ ಮಾತ್ರ. ತೊರಪಳ್ಳಿಯ ಅಜ್ಜನಿಗೆ ಅದು ಸಿಗುವುದಿಲ್ಲ. ಅಂದರೆ ಅಲ್ಲಿ ಅಜ್ಜಿಗೆ ಟೌನ್ ಬಸ್ ಫ್ರೀ, ಅಜ್ಜ ಪೂರ್ತಿ ಹಣ ಕೊಟ್ಟು ಗೂಡಲೂರಿನ ಆಸ್ಪತ್ರೆಗೆ ಹೋಗಬೇಕು. ವಯಸ್ಸನ್ನು ನೋಡಿ ಕೊಡುವ ಒಂದು ಪಾಸ್ ಅಲ್ಲಿಗೂ ಬೇಕು ಎಂಬುದಕ್ಕೆ ಬೇರೆ ಕಾರಣ ಬೇಡ.

ವಿಳಾಸ ಬದಲಿಸುವ ಮೊದಲು

ಮಗ ಅಥವಾ ಮಗಳ ಜೊತೆ ಇರಲು ನೀಲಗಿರಿಗೆ ಹೋದ ಹಿರಿಯರ ಆಧಾರ್ ವಿಳಾಸವನ್ನು ತಮಿಳುನಾಡಿಗೆ ಬದಲಿಸಿದರೆ, ಆ ಚೀಟಿ ತೋರಿಸಿ ಕರ್ನಾಟಕದಲ್ಲಿ ಶಕ್ತಿ ಟಿಕೆಟ್ ಸಿಗುವುದಿಲ್ಲ. 25 ಶೇಕಡ ರಿಯಾಯಿತಿಯೂ ಕರ್ನಾಟಕದ ನಿವಾಸಿಗಳಿಗೇ. ಹಾಗೆಂದು ಸುಳ್ಳು ವಿಳಾಸ ಇಟ್ಟುಕೊಳ್ಳುವುದು ಸರಿಯಲ್ಲ. ಎಲ್ಲಿ ವಾಸವೋ ಅಲ್ಲಿನ ವಿಳಾಸವೇ ಇರಬೇಕು. ಬದಲಾದ ಮೇಲೆ ಊರಿಗೆ ಬರುವಾಗ ಬಸ್ ಖರ್ಚಿಗೆ ಹಣ ಕೊಟ್ಟು ಕಳಿಸುವುದು ಮಕ್ಕಳ ಜವಾಬ್ದಾರಿ.

ನೆನಪಿಡಬೇಕಾದದ್ದು

- ಬಂಡೀಪುರ, ಮುದುಮಲೆ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ. ಕೆಲವೇ ಬಸ್‌ಗಳಿಗೆ ವಿನಾಯಿತಿ. ಹಿರಿಯರನ್ನು ಕಳಿಸುವಾಗ ಹಗಲಿನಲ್ಲೇ ತಲುಪುವ ಹಾಗೆ ಮಂಗಳೂರಿನಿಂದ ಹೊರಡಿಸಿ.
- ನೀಲಗಿರಿಗೆ 2024ರ ಮೇ 7ರಿಂದ ಬಂದ ಇ-ಪಾಸ್ ಕಾರು, ಬೈಕ್‌ನಂಥ ವಾಹನಗಳಿಗೆ. ಸರ್ಕಾರಿ ಬಸ್ಸಿನ ಪ್ರಯಾಣಿಕರಿಗೆ ಬೇಡ. ಹಿರಿಯರ ಪಾಸ್‌ಗೂ ಅದಕ್ಕೂ ಸಂಬಂಧ ಇಲ್ಲ.
- ಕರ್ನಾಟಕದ ಹಿರಿಯ ನಾಗರಿಕರ ಗುರುತಿನ ಚೀಟಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಸ್ಮಾರ್ಟ್‌ಕಾರ್ಡ್ ಮಾಡಿಸಿಕೊಡ್ತೇವೆ ಎಂದು ಫೋನ್ ಮಾಡಿ ಒಟಿಪಿ ಕೇಳುವವರಿಗೆ ಏನೂ ಹೇಳಬೇಡಿ.
- ಹಿರಿಯರಿಗೆ ತೊಂದರೆ ಆದರೆ ರಾಷ್ಟ್ರೀಯ ಸಹಾಯವಾಣಿ 14567. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಚಿತ ಕರೆ.
- ಮೂಲ ಗುರುತಿನ ಚೀಟಿ, ಮಗಳ ಮನೆಯ ಫೋನ್ ನಂಬರ್ ಬರೆದ ಒಂದು ಕಾಗದ, ಗುಂಡ್ಲುಪೇಟೆಯಿಂದ ಮುಂದಿನ ಟಿಕೆಟ್‌ಗೆ ಬೇಕಾದ ಚಿಲ್ಲರೆ. ಈ ಮೂರು ಉಮ್ಮನ ಬ್ಯಾಗಿನಲ್ಲಿ ಇರಲಿ.

ಇಷ್ಟು ಹೇಳಿ ಕಳಿಸಿದರೆ ಕಂಡಕ್ಟರ್ ಹಣ ಕೇಳಿದಾಗ ಉಮ್ಮ ಗಾಬರಿಯಾಗುವುದಿಲ್ಲ. ಎಲ್ಲಿ ಶೂನ್ಯ ಟಿಕೆಟ್, ಎಲ್ಲಿ ಹಣ ಎಂದು ಅವರಿಗೇ ಗೊತ್ತಿರುತ್ತದೆ.