ಹಳೆಯ ಮೋಟಾರು ಗಾಡಿಯ ಫ್ಯೂಸು ಪೆಟ್ಟಿಗೆ: ಒಂದು ಐತಿಹಾಸಿಕ ವಿವೇಚನೆ

ಇತಿಹಾಸದ ಆಕರಗಳೆಂದೊಡನೆ ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತಗಳು ನಮ್ಮ ನೆನಪಿಗೆ ಬರುವುದು ಸಹಜ. ಯಂತ್ರಗಳನ್ನೂ ಈ ಸಾಲಿಗೆ ಸೇರಿಸಬೇಕೆಂಬ ಅಭಿಪ್ರಾಯವು ವಿದ್ವಾಂಸರಲ್ಲಿ ಈಗ ನೆಲೆಗೊಂಡಿದೆ. ಆದರೆ ಯಂತ್ರದ ಯಾವ ಭಾಗ ಆಕರ, ಯಾವ ಭಾಗ ಬರಿಯ ಸವಕಲು ಸಾಮಗ್ರಿ ಎಂಬುದನ್ನು ನಿರ್ಣಯಿಸುವುದು ಸುಲಭವಲ್ಲ. ಹಳೆಯ ಕಾರಿನ ಒಡಲನ್ನೂ ಎಂಜಿನನ್ನೂ ಭಕ್ತಿಯಿಂದ ಕಾಪಾಡುವವರು ಕೂಡ ಅದರ ತಂತಿಗಳನ್ನು ಕಿತ್ತು ಎಸೆಯಲು ಹಿಂಜರಿಯುವುದಿಲ್ಲ. ಸುಟ್ಟ ತಂತಿಯಿಂದ ಗಾಡಿಗೆ ಗಾಡಿಯೇ ಬೆಂಕಿಗೆ ಆಹುತಿಯಾಗುವ ಸಂಭವವಿರುವುದರಿಂದ ಅವರ ಭಯವು ನಿರಾಧಾರವಾದುದಲ್ಲ. ಹೀಗಿರಲು, ವಿದ್ಯುತ್ ವ್ಯವಸ್ಥೆಯನ್ನು ಸುಧಾರಿಸುವುದು ಮತ್ತು ಅದರ ಸಾಕ್ಷ್ಯವನ್ನು ಉಳಿಸುವುದು ಇವೆರಡೂ ಒಟ್ಟಿಗೆ ಸಾಧ್ಯವೇ ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ. ಉದಾಹರಣೆಗಾಗಿ 1950ರ ದಶಕದ ಬ್ರಿಟಿಷ್ ಕಾರುಗಳನ್ನು ತೆಗೆದುಕೊಂಡಿದೆ. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಾಡಿ, 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರು ಅದೇ ಪೀಳಿಗೆಯ ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದುದೆಂಬುದನ್ನು ನೆನೆದರೆ ಈ ಆಯ್ಕೆಯು ಅಪ್ರಸ್ತುತವೆನಿಸದು.

ಮೋಟಾರು ಗಾಡಿಗೆ ವಿದ್ಯುತ್ತು ಒಮ್ಮೆಗೇ ಬಂದುದಲ್ಲ. ಮೊದಮೊದಲ ಗಾಡಿಗಳಲ್ಲಿ ಎಣ್ಣೆಯ ಅಥವಾ ಅಸಿಟಿಲೀನ್ ಅನಿಲದ ದೀಪಗಳಿದ್ದವು. ಎಂಜಿನನ್ನು ಕೈಯಿಂದ ತಿರುಗಿಸಿ ಚಾಲೂ ಮಾಡಬೇಕಾಗಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆಯು 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಅಳವಟ್ಟಾಗ ಚಾಲನೆ, ದೀಪ, ಇಂಧನದ ಜ್ವಲನ ಈ ಮೂರು ಕಾರ್ಯಗಳೂ ಒಂದೇ ವಿದ್ಯುತ್ ವ್ಯವಸ್ಥೆಗೆ ಸೇರಿದವು. ಅಲ್ಲಿಂದ ಮುಂದೆ ತಂತಿಗಳ ಸಂಖ್ಯೆ ಬೆಳೆಯುತ್ತ ಹೋಯಿತು. ಅವುಗಳ ರಕ್ಷಣೆಗೆ ಬಂದ ಫ್ಯೂಸಾದರೋ ಮನೆಯ ದೀಪಗಳ ಲೋಕದಿಂದ ಎರವಲು ಪಡೆದುದು. 1880ರ ದಶಕದಲ್ಲಿಯೇ ಎಡಿಸನ್ನನ ವಿದ್ಯುದ್ದೀಪ ವ್ಯವಸ್ಥೆಯಲ್ಲಿ ಅದಕ್ಕೆ ಸ್ಥಾನವಿದ್ದಿತು. ಪ್ರವಾಹವು ಮಿತಿಮೀರಿದಾಗ ತೆಳುವಾದ ಲೋಹದ ಎಳೆಯು ತಾನು ಕರಗಿ ತಂತಿಯನ್ನು ಕಾಯುತ್ತದೆ ಎಂಬುದೇ ಅದರ ತತ್ತ್ವ.

1948ರಲ್ಲಿ ಹೊರಬಂದ ಮಾರಿಸ್ ಮೈನರ್ ಮೊದಲಾದ ಕಾರುಗಳ ಫ್ಯೂಸು ಪೆಟ್ಟಿಗೆಯನ್ನು ತೆರೆದು ನೋಡಿದವನಿಗೆ ಆಶ್ಚರ್ಯವಾಗುತ್ತದೆ. ಅಲ್ಲಿ ಕೆಲಸಮಾಡುವ ಫ್ಯೂಸುಗಳು ಎರಡೇ. ಒಂದು, ಹಾರನ್ನಿನಂತೆ ಸದಾ ಸಿದ್ಧವಾಗಿರಬೇಕಾದ ಉಪಕರಣಗಳಿಗೆ. ಇನ್ನೊಂದು, ವೈಪರಿನಂತೆ ಬೀಗದ ಕೈ ತಿರುಗಿಸಿದ ಮೇಲೆ ಮಾತ್ರ ನಡೆಯುವ ಉಪಕರಣಗಳಿಗೆ. ಮುಂಭಾಗದ ದೊಡ್ಡ ದೀಪಗಳಿಗೂ ಎಂಜಿನಿನ ಜ್ವಲನಕ್ಕೂ ಫ್ಯೂಸೇ ಇಲ್ಲ! ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕತ್ತಲೆಯ ತಿರುವಿನಲ್ಲಿ ಫ್ಯೂಸು ಕರಗಿ ದೀಪಗಳೆಲ್ಲ ಒಮ್ಮೆಗೇ ಆರಿದರೆ ಒದಗುವ ವಿಪತ್ತನ್ನು ಊಹಿಸಿದರೆ ಇದರ ಹಿಂದಣ ತರ್ಕವು ತಿಳಿಯುತ್ತದೆ. ಅಮೆರಿಕದ ತಯಾರಕರೂ ಇದೇ ವಿಪತ್ತನ್ನು ಎದುರಿಸಬೇಕಾಗಿತ್ತು. ಅಲ್ಲಿನ ಅನೇಕ ಗಾಡಿಗಳ ದೀಪಗಳಿಗೆ ಫ್ಯೂಸಿನ ಬದಲು, ಬಿಸಿಯಾದಾಗ ಕಡಿದು ತಣಿದಾಗ ತಾನೇ ಕೂಡಿಕೊಳ್ಳುವ ಸಾಧನವನ್ನು ಇಟ್ಟಿದ್ದರು. ಎರಡು ಅಪಾಯಗಳನ್ನು ತೂಗಿ ನೋಡಿ ಒಂದನ್ನು ಸಹಿಸಿಕೊಂಡ ಕಾಲದ ನಿರ್ಣಯವೊಂದು ಈ ಪುಟ್ಟ ಪೆಟ್ಟಿಗೆಯಲ್ಲಿ ಅಡಗಿದೆ.

ತಂತಿಗಳ ಬಣ್ಣವೂ ಒಂದು ಲಿಪಿಯೇ ಸರಿ. ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಸಂಸ್ಥೆಯ ಪದ್ಧತಿಯಲ್ಲಿ ಕಂದು ಬಣ್ಣವು ಬ್ಯಾಟರಿಯಿಂದ ನೇರವಾಗಿ ಬರುವ ಪ್ರವಾಹವನ್ನು, ಬಿಳಿಯು ಜ್ವಲನವನ್ನು, ಹಸುರು ಜ್ವಲನದಿಂದ ಫ್ಯೂಸಿನ ಮೂಲಕ ಹೊರಟುದನ್ನು, ನೀಲಿಯು ದೊಡ್ಡ ದೀಪಗಳನ್ನು, ಕೆಂಪು ಪಕ್ಕದ ಸಣ್ಣ ದೀಪಗಳನ್ನು, ಕಪ್ಪು ಗಾಡಿಯ ಒಡಲಿಗೆ ಹಿಂದಿರುಗುವುದನ್ನು ಸೂಚಿಸುತ್ತದೆ. ಇದನ್ನು ಓದಬಲ್ಲವನು ತಾನು ಎಂದೂ ಕಾಣದ ಗಾಡಿಯಲ್ಲಿಯೂ ದೋಷವನ್ನು ಹುಡುಕಿ ತೆಗೆಯಬಲ್ಲನು.

ಇಂಥ ವ್ಯವಸ್ಥೆಯನ್ನು ಕಾಲವು ಎರಡು ಬಗೆಯಲ್ಲಿ ಕೆಡಿಸಿತು. ಹತ್ತಿಯ ಹೆಣಿಗೆಯೊಳಗಿನ ರಬ್ಬರಿನ ಹೊದಿಕೆಯು ಎಂಜಿನಿನ ಕಾವಿಗೆ ಒಣಗಿ, ಬಿರಿದು, ಉದುರತೊಡಗಿತು. ಒಡೆಯರು ಮೇಲೆ ಮೇಲೆ ಸೇರಿಸಿದ ರೇಡಿಯೋ, ಹೆಚ್ಚಿನ ದೀಪ, ಪಂಖಗಳ ಭಾರವು ಆ ಎರಡೇ ಫ್ಯೂಸುಗಳ ಮೇಲೆ ಬಿತ್ತು. ಫ್ಯೂಸು ಪದೇ ಪದೇ ಕರಗಿದಾಗ ಕಾರಣವನ್ನು ಹುಡುಕುವ ಬದಲು ಅದರ ಸ್ಥಾನದಲ್ಲಿ ತಾಮ್ರದ ಎಳೆಯನ್ನು ಸುತ್ತುವ ಅಭ್ಯಾಸ ಎಲ್ಲರಿಗೂ ಗೊತ್ತಿರುವುದೇ. ಆಗ ಕರಗಬೇಕಾದುದು ಫ್ಯೂಸಲ್ಲ, ತಂತಿ.

ಆದ ಕಾರಣ ಸುಧಾರಣೆಯು ಆವಶ್ಯಕ. ಆದರೆ ಇಲ್ಲಿ ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದ ಒಂದು ಪ್ರಮಾದವು ಕಾದಿರುತ್ತದೆ. ಹಳೆಯ ಲ್ಯೂಕಸ್ ಫ್ಯೂಸಿನ ಮೇಲೆ 35 ಆಂಪಿಯರ್ ಎಂದು ಬರೆದಿದ್ದರೆ ಅದು ಕರಗುವ ಪ್ರಮಾಣ. ಎಡೆಬಿಡದೆ ಹೊರಬಲ್ಲ ಪ್ರವಾಹ ಅದರ ಅರ್ಧದಷ್ಟು, ಸುಮಾರು 17 ಆಂಪಿಯರ್ ಮಾತ್ರ. 1970ರ ದಶಕದಲ್ಲಿ ಬಳಕೆಗೆ ಬಂದ ಚಪ್ಪಟೆ ಕಾಲುಗಳ ಪ್ಲಾಸ್ಟಿಕ್ ಫ್ಯೂಸಿನ ಮೇಲಿನ ಅಂಕಿಯಾದರೋ ಹೊರುವ ಪ್ರಮಾಣವನ್ನೇ ಹೇಳುತ್ತದೆ. ಅಂಕಿ ಒಂದೇ ಎಂದು ಹಳೆಯ 35ರ ಎಡೆಯಲ್ಲಿ ಹೊಸ 35ನ್ನು ಕೂರಿಸಿದರೆ ರಕ್ಷಣೆಯು ಅರ್ಧಕ್ಕರ್ಧ ಲೋಪವಾಗುತ್ತದೆ. ಶಾಸನದ ಕೊಳಗವನ್ನು ಇಂದಿನ ಕೊಳಗವೆಂದು ಎಣಿಸಿ ದತ್ತಿಯ ಮೌಲ್ಯವನ್ನು ಲೆಕ್ಕ ಹಾಕುವವನ ತಪ್ಪೂ ಇದೇ ಜಾತಿಯದು.

ಇಂಥ ಎಚ್ಚರವು ಉಳಿದ ಭಾಗಗಳಿಗೂ ಸಲ್ಲುತ್ತದೆ. 1950ರ ದಶಕದ ಹೆಚ್ಚಿನ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವನ್ನು ಲೋಹದ ಒಡಲಿಗೆ ಜೋಡಿಸುತ್ತಿದ್ದರು. ಇಂದಿನ ಪದ್ಧತಿ ಇದಕ್ಕೆ ವಿರುದ್ಧ. ಇದನ್ನರಿಯದೆ ಇಂದಿನ ಆಲ್ಟರ್ನೇಟರನ್ನು ಜೋಡಿಸಿದರೆ ಅದರೊಳಗಿನ ಡಯೋಡುಗಳು ನಾಶವಾಗುತ್ತವೆ. ಅಂದಿನ ಡೈನಮೋ ಕೊಡುತ್ತಿದ್ದುದು ಸುಮಾರು 20 ಆಂಪಿಯರ್. ಅದರ ದುಪ್ಪಟ್ಟು ಕೊಡುವ ಯಂತ್ರಕ್ಕೆ ಹಳೆಯ ಕಂದು ತಂತಿಯ ದಪ್ಪ ಸಾಲದು. 12 ವೋಲ್ಟಿನಲ್ಲಿ 60 ವಾಟಿನ ಎರಡು ದೀಪಗಳು 10 ಆಂಪಿಯರನ್ನು ಎಳೆಯುತ್ತವೆ. ಅಷ್ಟನ್ನೂ ಸವೆದ ಸ್ವಿಚ್ಚಿನ ಮೂಲಕ ಹಾಯಿಸುವುದಕ್ಕಿಂತ ರಿಲೇ ಒಂದನ್ನು ನಡುವೆ ಇಟ್ಟು, ಪ್ರತಿಯೊಂದು ದೀಪಕ್ಕೂ ಬೇರೆ ಫ್ಯೂಸನ್ನು ಒದಗಿಸುವುದು ಕ್ಷೇಮ. ಹೀಗೆ ಮಾಡಿದರೆ ಒಂದು ದೀಪ ಆರಿದರೂ ಇನ್ನೊಂದು ಉರಿಯುತ್ತದೆ. ಹಳೆಯ ನಿರ್ಣಯವು ಅಂಜಿದ್ದ ಕತ್ತಲೆಯೂ ತಪ್ಪುತ್ತದೆ.

ಇನ್ನು ನಿಯಮಗಳ ವಿಚಾರ. 50 ವರ್ಷ ಮೀರಿದ ಗಾಡಿಗಳ ನೋಂದಣಿಗಾಗಿ ಭಾರತ ಸರ್ಕಾರವು 2021ರಲ್ಲಿ ಹೊರಡಿಸಿದ ನಿಯಮಗಳು ಗಾಡಿಯು ಮೂಲ ಸ್ವರೂಪದಲ್ಲಿರಬೇಕೆಂದು ವಿಧಿಸಿ, ಚಾಸಿ, ಒಡಲು, ಎಂಜಿನುಗಳ ಮಾರ್ಪಾಟನ್ನು ಹೆಸರಿಸುತ್ತವೆ, ತಂತಿಗಳನ್ನು ಹೆಸರಿಸುವುದಿಲ್ಲ. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಕಟ್ಟಡಗಳಿಗೆ ಸಂಬಂಧಿಸಿದ 1964ರ ವೆನಿಸ್ ಸನ್ನದಿನ ಮಾದರಿಯಲ್ಲಿ ಅಂಗೀಕರಿಸಿದ ಟ್ಯುರಿನ್ ಸನ್ನದು ಇನ್ನೂ ಸೂಕ್ಷ್ಮವಾದುದು. ಬದಲಾವಣೆಯು ಕಣ್ಣಿಗೆ ಹೊಡೆಯದಂತಿರಬೇಕು, ಮತ್ತೆ ಮೊದಲಿನಂತೆ ಮಾಡಲು ಬರುವಂತಿರಬೇಕು, ಮಾಡಿದ ಕಾರ್ಯದ ದಾಖಲೆ ಇರಬೇಕು ಎಂಬುದು ಅದರ ಆಶಯ.

ಈ ಆಶಯವು ಕೇವಲ ಪ್ರಾಚೀನತೆಯ ಮೋಹವಲ್ಲವೆಂಬುದೇ ನಮ್ಮ ನಿಲುವು. ಸಿಕ್ಕಿದ ಒಂದೇ ಬಣ್ಣದ ತಂತಿಯಿಂದ ಇಡೀ ಗಾಡಿಯನ್ನು ಹೊಸದಾಗಿ ಹೆಣೆದರೆ ಇತಿಹಾಸಕಾರನು ತನ್ನ ಆಕರವನ್ನು ಕಳೆದುಕೊಳ್ಳುತ್ತಾನೆ. ಮುಂದೊಂದು ದಿನ ಹೊಗೆಯ ವಾಸನೆ ಬಂದಾಗ ಮೆಕ್ಯಾನಿಕ್ಕನು ಯಾವ ತಂತಿ ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಲ್ಲುತ್ತಾನೆ. ಇದಕ್ಕೆ ಬದಲಾಗಿ ಹೊಸ ತಂತಿಗೂ ಹಳೆಯ ಬಣ್ಣವನ್ನೇ ಉಳಿಸಿ, ಹೊಸ ಫ್ಯೂಸುಗಳನ್ನು ಮರೆಯಾಗಿ ಜೋಡಿಸಿ, ಹಳೆಯ ಪೆಟ್ಟಿಗೆಯನ್ನು ಅದರ ಸ್ಥಾನದಲ್ಲಿಯೇ ಬಿಟ್ಟು, ಮಾಡಿದ ಬದಲಾವಣೆಯ ನಕ್ಷೆಯನ್ನು ಗಾಡಿಯ ಕಾಗದಗಳೊಡನೆ ಇಟ್ಟರೆ ಇಬ್ಬರಿಗೂ ಉಪಕಾರವಾಗುತ್ತದೆ. ಇಲ್ಲಿ ಕ್ಷೇಮವೂ ಸಾಕ್ಷ್ಯವೂ ಪರಸ್ಪರ ವಿರೋಧಿಗಳಲ್ಲ. ಎರಡಕ್ಕೂ ಬೇಕಾದುದು, ಮುಂದೆ ಬರುವವನು ಓದಬಲ್ಲಂತೆ ಬರೆದಿಡುವ ಶ್ರದ್ಧೆ ಒಂದೇ.