ತಮ್ಮ, ತಮ್ಮುಡು ಮತ್ತು ಬಳ್ಳಾರಿಯ ಒತ್ತು

ಬಲೂ ಎಂಬ ದಪ್ಪ, ದುಂಡು ಫಾಂಟ್ ಕುಟುಂಬವನ್ನು ರೂಪಿಸಿದ್ದು ಮುಂಬೈನ ಏಕ್ ಟೈಪ್. ಕನ್ನಡದ್ದರ ಹೆಸರು 'ಬಲೂ ತಮ್ಮ', ತೆಲುಗಿನದು 'ಬಲೂ ತಮ್ಮುಡು'. ಬಳ್ಳಾರಿ ಸೀಮೆಯವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು; ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಒಂದೇ ದಿನದಲ್ಲಿ ಬಿತ್ತು. ಲಿಪಿಗಳು ಬೇರೆಯಾಗಲು ಮಾತ್ರ ಶತಮಾನಗಳೇ ಹಿಡಿದವು: ಕುರುಗೋಡಿನ ಸಿಂದರ ಕಾಲದ, 12ನೆಯ ಶತಮಾನದ ಶಾಸನಗಳ ಅಕ್ಷರ ಎರಡೂ ನುಡಿಗಳಿಗೆ ಹತ್ತಿರದ್ದು. ಇಂದು ಕಣ್ಣಿಗೆ ಮೊದಲು ಬೀಳುವ ವ್ಯತ್ಯಾಸ ತಲೆಕಟ್ಟು. ಕನ್ನಡದಲ್ಲಿ ಅದು ಅಡ್ಡಗೆರೆಯಾಗಿ ಚಾಚಿ ಕೊಕ್ಕೆಯಾಗುತ್ತದೆ, ತೆಲುಗಿನಲ್ಲಿ ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ.

ಗೆರೆ ಉಬ್ಬಿದಷ್ಟೂ ಅಕ್ಷರದೊಳಗಿನ ಖಾಲಿ ಜಾಗ ಕುಗ್ಗುತ್ತದೆ. ಪ, ಷ ಒಂದೇ ಆಗಿ ಕಾಣಬಹುದು. ಪರೀಕ್ಷೆಗೆ ನಮ್ಮ ಊರುಗಳ ಹೆಸರೇ ಸಾಕು. 'ಕುರುಗೋಡು' ಒತ್ತಿಲ್ಲದೆ ಸಲೀಸಾಗಿ ಕೂರುತ್ತದೆ. 'ಬಳ್ಳಾರಿ', 'ಸಿರುಗುಪ್ಪ'ಗಳ ಒತ್ತುಗಳು ಸಾಲಿನ ಕೆಳಗಿಳಿದು ಜಾಗ ಕೇಳುತ್ತವೆ. ಅಂಗಡಿ ಬೋರ್ಡಿನಲ್ಲಿ ಅವನ್ನು ಹಿಸುಕಿದರೆ ದೂರಕ್ಕೆ ಬರೀ ಬಣ್ಣದ ಚುಕ್ಕೆ.

ತಮ್ಮ ಮೊದಲು ಬಂದದ್ದು ಒಂದೇ ದಪ್ಪದಲ್ಲಿ; 'ಬಲೂ ತಮ್ಮ 2'ರಲ್ಲಿ ಐದು ತೂಕಗಳಿವೆ. ತಲೆಬರಹಕ್ಕೂ ಮಕ್ಕಳ ಪುಸ್ತಕದ ಹೊದಿಕೆಗೂ ದಪ್ಪದ್ದೇ ಚೆಂದ. ಪುಟ ತುಂಬ ಓದಲು, ನನಗಂತೂ, ಐದರಲ್ಲಿ ತೀರ ತೆಳ್ಳಗಿನದೂ ಭಾರವೇ.