ಕೆಂಪು ಹೊತ್ತಗೆಯ ತೋಟಗಾರ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಹಿತ್ತಲನ್ನು ನೋಡಿಹೋಗಲು ತೋಟ ಮಾಡಿಕೊಡುವ ಉದ್ಯೋಗದ ತರುಣರೊಬ್ಬರು ಬಂದಿದ್ದರು. ಮಣ್ಣನ್ನು ಮುಟ್ಟಲಿಲ್ಲ, ಗಿಡಗಳ ಹೆಸರು ಹೇಳಲಿಲ್ಲ. ಕೈಯಲ್ಲಿದ್ದ ಫೋನಿನಿಂದ ಹಿತ್ತಲಿನ ಚಿತ್ರವೊಂದನ್ನು ತೆಗೆದು, ಮೂಲೆಯಲ್ಲಿ ಕುಳಿತು ಏನೋ ಮಾಡಿ, ನನ್ನ ಮುಂದೆ ಹಿಡಿದರು. "ಇಲ್ಲಿ ಬೆರಳಿಟ್ಟು ಪಕ್ಕಕ್ಕೆ ಎಳೆಯಿರಿ, ಸಾರ್" ಎಂದರು. ಎಳೆದೆ. ಬೆರಳು ಸರಿದಂತೆ ಒಣಗಿದ ನೆಲ ಸರಿದುಹೋಗಿ, ಅದರ ಜಾಗದಲ್ಲಿ ಹುಲ್ಲುಹಾಸು, ಬಾಗಿದ ಕಾಲುದಾರಿ, ಗೋಡೆಯ ತುಂಬ ಬೋಗನ್‌ವಿಲ್ಲಾ ಬಂದು ನಿಂತವು. ನಾನು ಮರುಳಾದೆನೆಂದು ಒಪ್ಪಿಕೊಳ್ಳಲೇಬೇಕು. ನಮ್ಮಾಕೆ ಮಾತ್ರ ಕನ್ನಡಕ ಏರಿಸಿಕೊಂಡು ನೋಡಿ, "ಬಟ್ಟೆ ಒಗೆಯೋ ಕಲ್ಲು ಎಲ್ಲಿ ಹೋಯಿತಪ್ಪ?" ಎಂದು ಕೇಳಿದಳು.

ಈ ಬೆರಳಾಟ ಹೊಸದೆಂದು ಆ ತರುಣರು ಹೆಮ್ಮೆಪಟ್ಟುಕೊಂಡರು. ಅವರ ಉತ್ಸಾಹಕ್ಕೆ ನೀರೆರಚುವ ಮನಸ್ಸಾಗದೆ ಸುಮ್ಮನಿದ್ದೆ. ಇನ್ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬಾತ ಕಾಗದ, ಕತ್ತರಿ, ಜಲವರ್ಣಗಳಿಂದ ಇದನ್ನೇ ಮಾಡುತ್ತಿದ್ದ. ಹಂಫ್ರಿ ರೆಪ್ಟನ್ ಎಂದು ಆತನ ಹೆಸರು.

ಆ ಕಾಲದ ಇಂಗ್ಲೆಂಡಿನ ಸಿರಿವಂತರಿಗೆ ತೋಟವೆಂದರೆ ನಾಲ್ಕು ಹೂವಿನ ಪಾತಿಗಳಲ್ಲ. ಮನೆಯ ಕಿಟಕಿಯಿಂದ ಕಣ್ಣು ಹಾಯುವಷ್ಟು ದೂರದ ನೆಲವೆಲ್ಲ ತೋಟವೇ. ತೊರೆಗೆ ಒಡ್ಡು ಹಾಕಿ ಕೆರೆ ಮಾಡುವುದು, ದಿಬ್ಬ ಕಡಿದು ಇಳಿಜಾರು ಮಾಡುವುದು, ಸಾಲುಮರ ತೆಗೆದು ತೋಪು ಬೆಳೆಸುವುದು ಇವೇ ಕೆಲಸ. ಈ ಕೆಲಸದ ಚಕ್ರವರ್ತಿ ಲ್ಯಾನ್ಸ್‌ಲಾಟ್ ಬ್ರೌನ್. ಜಮೀನುದಾರನ ಜೊತೆ ಎಸ್ಟೇಟನ್ನು ಸುತ್ತಿ ಬಂದು, "ಈ ನೆಲಕ್ಕೆ ದೊಡ್ಡ ಸಾಧ್ಯತೆಗಳಿವೆ" ಎಂಬರ್ಥದ ಮಾತನ್ನು ಆಡುತ್ತಿದ್ದನಂತೆ. ಅದರಿಂದಲೇ 'ಕೇಪಬಿಲಿಟಿ' ಬ್ರೌನ್ ಎಂಬ ಅಡ್ಡಹೆಸರು ಅಂಟಿಕೊಂಡಿತು. ಆತ ಗುತ್ತಿಗೆ ಹಿಡಿದು, ತನ್ನ ಮೇಸ್ತ್ರಿಗಳನ್ನು ಬಿಟ್ಟು, ಕೆಲಸ ಮುಗಿಸಿಕೊಡುತ್ತಿದ್ದ. 1783ರಲ್ಲಿ ಬ್ರೌನ್ ತೀರಿಕೊಂಡಾಗ ಆ ಗಾದಿ ಬರಿದಾಯಿತು.

ರೆಪ್ಟನ್ ಹುಟ್ಟಿದ್ದು 1752ರಲ್ಲಿ. ಹನ್ನೆರಡನೆಯ ವಯಸ್ಸಿಗೇ ಆತನನ್ನು ಡಚ್ ಭಾಷೆ ಕಲಿತು ವರ್ತಕನಾಗಲೆಂದು ಹಾಲೆಂಡಿಗೆ ಕಳುಹಿಸಿದರು. ಆತ ಕಲಿತದ್ದು ಚಿತ್ರ ಬರೆಯುವುದು, ಕೊಳಲು ನುಡಿಸುವುದು, ಸಭ್ಯರ ನಡುವೆ ಸರಸವಾಗಿ ಮಾತಾಡುವುದು. ನಾರಿಚ್ ಪಟ್ಟಣದಲ್ಲಿ ಹೂಡಿದ ಜವಳಿ ವ್ಯಾಪಾರ ಮುಳುಗಿತು. ಹಳ್ಳಿಯಲ್ಲಿ ಕೆಲವು ವರ್ಷ ಸುಖವಾಗಿದ್ದ, ಕೂಡಿಟ್ಟದ್ದು ಕರಗಿತು. ಟಪಾಲು ಬಂಡಿಗಳ ಯೋಜನೆಯೊಂದಕ್ಕೆ ಹಣ ಹಾಕಿ ಅದನ್ನೂ ಕಳೆದುಕೊಂಡ. 1788ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಮಡದಿ ಮಕ್ಕಳ ಸಂಸಾರ ಹೊತ್ತು ನಿದ್ದೆಯಿಲ್ಲದೆ ಹೊರಳಾಡಿದ ಒಂದು ರಾತ್ರಿ, ಬ್ರೌನನ ಗಾದಿಗೆ ತಾನೇ ಏರುವುದೆಂದು ನಿಶ್ಚಯಿಸಿದ.

ಮೊದಲು ತನ್ನ ಕಸುಬಿಗೆ 'ಲ್ಯಾಂಡ್‌ಸ್ಕೇಪ್ ಗಾರ್ಡನರ್' ಎಂದು ಹೆಸರಿಟ್ಟುಕೊಂಡ. ಪರಿಚಯದ ದೊಡ್ಡ ಮನೆತನಗಳಿಗೆಲ್ಲ ಕಾಗದ ಬರೆದ. ಆಮೇಲೆ ಒಂದು ಕಾರ್ಡನ್ನು ತಾನೇ ಚಿತ್ರಿಸಿ ಮೆಡ್‌ಲ್ಯಾಂಡ್ ಎಂಬ ಕೆತ್ತನೆಗಾರನಿಂದ ಅಚ್ಚಿಗೆ ಸಿದ್ಧಪಡಿಸಿದ. ಆ ಕಾರ್ಡು ಈಗಲೂ ಕಲಾಪುಸ್ತಕಗಳಲ್ಲಿ ಕಾಣಸಿಗುತ್ತದೆ. ಮುಂದೆ ರೆಪ್ಟನ್ ಥಿಯೊಡೊಲೈಟ್ ಹೂಡಿ ಅಳತೆ ಮಾಡುತ್ತಿದ್ದಾನೆ, ಆಳುಗಳು ಅಗೆಯುತ್ತಿದ್ದಾರೆ, ಹಿಂದೆ ಕೆರೆ ಮಿನುಗುತ್ತಿದೆ. ಒಂದು ಗಿಡವನ್ನೂ ನೆಡದವನು ಕೆರೆಯನ್ನೇ ತೋಡಿಸುತ್ತಿರುವ ಚಿತ್ರ! ಇದನ್ನು ಮೋಸವೆನ್ನಲು ನನಗೆ ಮನಸ್ಸು ಬಾರದು. ಕೈಯಲ್ಲಿ ಕಾಸಿಲ್ಲದವನಿಗೆ ಧೈರ್ಯವೇ ಬಂಡವಾಳ. ಅದೇ ವರ್ಷ ನಾರಿಚ್ ಬಳಿಯ ಕ್ಯಾಟನ್ ಪಾರ್ಕಿನಲ್ಲಿ ಮೊದಲ ಕೆಲಸ ದೊರೆಯಿತು.

ಆತನ ನಿಜವಾದ ಶೋಧ 'ರೆಡ್ ಬುಕ್', ಕೆಂಪು ಹೊತ್ತಗೆ. ಎಸ್ಟೇಟನ್ನು ನೋಡಿ ಬಂದ ಮೇಲೆ ರೆಪ್ಟನ್ ತನ್ನ ಸಲಹೆಗಳನ್ನು ಅಂದವಾದ ಕೈಬರಹದಲ್ಲಿ ಬರೆದು, ಚಿತ್ರಗಳನ್ನು ಸೇರಿಸಿ, ಬಹುಮಟ್ಟಿಗೆ ಕೆಂಪು ಮೊರಾಕೋ ಚರ್ಮದ ರಟ್ಟು ಕಟ್ಟಿಸಿ ಧಣಿಗೆ ಒಪ್ಪಿಸುತ್ತಿದ್ದ. ಬ್ರೌನ್ ಕೊಡುತ್ತಿದ್ದುದು ನಕ್ಷೆ. ನಕ್ಷೆಯೆಂದರೆ ಆಕಾಶದಲ್ಲಿ ಹಾರುವ ಹದ್ದು ಕಂಡ ನೆಲ, ಧಣಿ ಹದ್ದಲ್ಲವಷ್ಟೆ. ರೆಪ್ಟನ್ ಧಣಿಯ ಕಿಟಕಿಯಿಂದ, ಧಣಿಯ ಹೆಬ್ಬಾಗಿಲಿನಿಂದ, ಬಂಡಿ ಬರುವ ದಾರಿಯಿಂದ ಕಾಣುವುದನ್ನು ಚಿತ್ರಿಸಿದ. ಮೇಲುನೋಟಕ್ಕೆ ಇದ್ದದ್ದು ಇದ್ದ ಹಾಗೆ: ಬೋಳು ಬಯಲು, ಕೆಸರಿನ ಹಳ್ಳ, ಅಡ್ಡಾದಿಡ್ಡಿ ಬೇಲಿ. ಆದರೆ ಚಿತ್ರದ ಒಂದು ಭಾಗ ಪ್ರತ್ಯೇಕ ಕಾಗದದ ತುಂಡು. ಅಂಚು ಕಾಣದಂತೆ ಕತ್ತರಿಸಿ ಒಂದು ಬದಿಯಲ್ಲಷ್ಟೇ ಅಂಟಿಸಿದ ಅದನ್ನು ಎತ್ತಿದರೆ ಅಡಿಯಲ್ಲಿ ಕೆರೆ, ತೋಪು, ಮೇಯುವ ದನಗಳು. ಮುಚ್ಚಿದರೆ ಮತ್ತೆ ಹಳೆಯ ಹಳ್ಳ.

ಇಲ್ಲಿಯ ಸೂಕ್ಷ್ಮವನ್ನು ಗಮನಿಸಬೇಕು. ಕಾಗದವನ್ನು ಎತ್ತುವವನು ರೆಪ್ಟನ್ ಅಲ್ಲ, ಧಣಿಯೇ. ಬದಲಾವಣೆ ತನ್ನ ಬೆರಳಿನಿಂದಲೇ ಆಯಿತೆಂಬ ಸುಖ ಅವನದು. ಒಮ್ಮೆ ಎತ್ತಿ ನೋಡಿದವನಿಗೆ, ಮುಚ್ಚಿದ ಮೇಲೆ, ನಿನ್ನೆಯವರೆಗೆ ಸಹಜವಾಗಿದ್ದ ತನ್ನ ಹೊಲವೇ ಕೊರತೆಯಾಗಿ ಕಾಣತೊಡಗುತ್ತದೆ. ಗಿರಾಕಿಯನ್ನು ಒಲಿಸುವ ವಿದ್ಯೆಯ ತಿರುಳು ಇದೇ ಎಂದು ನನಗೆ ತೋರುತ್ತದೆ. ಹೊತ್ತಗೆ ದಿವಾನಖಾನೆಯ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಊಟಕ್ಕೆ ಬಂದ ನೆರೆಯ ಜಮೀನುದಾರ ಪುಟ ತಿರುವುತ್ತಿದ್ದ. 1790ರಿಂದ ಹಲವು ವರ್ಷ 'ಪೊಲೈಟ್ ರೆಪಾಸಿಟರಿ' ಎಂಬ ಜೇಬು ಪಂಚಾಂಗಕ್ಕೂ ರೆಪ್ಟನ್ ತಾನು ಕೆಲಸ ಮಾಡಿದ ಎಸ್ಟೇಟುಗಳ ಪುಟ್ಟ ಚಿತ್ರಗಳನ್ನು ಒದಗಿಸಿದ. ಗಿರಾಕಿಗೆ ತನ್ನ ಮನೆ ಅಚ್ಚಾದ ಸಂತೋಷ, ತೋಟಗಾರನಿಗೆ ಪ್ರಚಾರ. ವೃತ್ತಿಜೀವನದಲ್ಲಿ ನಾನೂರಕ್ಕೂ ಮಿಕ್ಕ ಕಡೆ ಸಲಹೆ ಕೊಟ್ಟೆನೆಂದು ಆತ ಹೇಳಿಕೊಂಡ.

ಹೆಸರು ಬಂದೊಡನೆ ಹಾಸ್ಯವೂ ಬಂತು. ಟ್ಯಾಟನ್ ಪಾರ್ಕಿನ ಧಣಿಗೆ, ದಾರಿಯ ಮೈಲಿಗಲ್ಲುಗಳ ಮೇಲೂ ಮನೆತನದ ಲಾಂಛನ ಇರಲೆಂದು ರೆಪ್ಟನ್ ಸೂಚಿಸಿದ್ದುಂಟು. 1794ರಲ್ಲಿ ರಿಚರ್ಡ್ ಪೇನ್ ನೈಟ್ ತನ್ನ ಕಾವ್ಯದಲ್ಲಿ ಇದನ್ನು ಹಿಡಿದು ಜಾಲಾಡಿದ. ಪೀಕಾಕನ 1816ರ 'ಹೆಡ್‌ಲಾಂಗ್ ಹಾಲ್' ಕಾದಂಬರಿಯಲ್ಲಿ 'ಮೈಲ್‌ಸ್ಟೋನ್' ಎಂಬ ತೋಟಗಾರನೇ ಹುಟ್ಟಿಕೊಂಡ. ಜೇನ್ ಆಸ್ಟಿನ್ ತನ್ನ 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನಲ್ಲಿ ರೆಪ್ಟನ್ನನನ್ನು ಹೆಸರು ಹಿಡಿದೇ ಕರೆದಳು. ಆತನ ಕೂಲಿ ದಿನಕ್ಕೆ ಐದು ಗಿನಿ ಎಂಬುದನ್ನು ಅಲ್ಲಿಯ ದಡ್ಡ ಜಮೀನುದಾರನ ಬಾಯಿಂದ ಹೇಳಿಸಿದಳು. ಅವಳ ತಾಯಿಯ ಬಂಧುಗಳೇ ಸ್ಟೋನ್‌ಲಿ ಮನೆಗೆ ರೆಪ್ಟನ್ನನನ್ನು ಕರೆಸಿದ್ದರು.

ಆದರೆ ಆ ಕೂಲಿ ಮಾತಿಗೆ, ಚಿತ್ರಕ್ಕೆ. ಬ್ರೌನನಂತೆ ಗುತ್ತಿಗೆಯ ಲಾಭ ಇವನಿಗಿರಲಿಲ್ಲ. ನೆಲ ಅಗೆಸುವುದು ಧಣಿಗೆ ಬಿಟ್ಟದ್ದು. ಹಲವರು ಸಲಹೆಯಲ್ಲಿ ಅರ್ಧ ನಡೆಸಿದರು. ಕೆಲವರು ಹೊತ್ತಗೆಯನ್ನು ನೋಡಿ ಆನಂದಿಸಿ ಸುಮ್ಮನಾದರು. ಚಿತ್ರವೇ ಅಷ್ಟು ಸೊಗಸಾಗಿದ್ದರೆ ಕೆರೆ ತೋಡಿಸುವ ಖರ್ಚೇಕೆ?

ಈ ಪೆಟ್ಟು ಜೋರಾಗಿ ಬಿದ್ದದ್ದು ಬ್ರೈಟನ್ನಿನಲ್ಲಿ. ಕಂಪನಿಯ ಸೇವೆಯಲ್ಲಿ ಬಂಗಾಳದಲ್ಲಿದ್ದು ಬಂದ ಚಾರ್ಲ್ಸ್ ಕಾಕರೆಲ್ ಸೆಜಿನ್‌ಕೋಟಿನಲ್ಲಿ ಭಾರತೀಯ ಶೈಲಿಯ ಮನೆ ಕಟ್ಟಿಸುವಾಗ ರೆಪ್ಟನ್ನನ ಸಲಹೆ ಕೇಳಿದ್ದ. ಚಿತ್ರಕಾರ ಥಾಮಸ್ ಡೇನಿಯಲ್ ನಮ್ಮ ದೇಶದಲ್ಲಿ ಅಲೆದು ಬರೆದ ಗುಡಿ ಗೋಪುರ ಮಸೀದಿಗಳ ಚಿತ್ರಗಳು ರೆಪ್ಟನ್ನನ ಕಣ್ಣು ತೆರೆಸಿದವು. ಯುವರಾಜ ಕರೆಸಿದಾಗ ಅದೇ ಶೈಲಿಯಲ್ಲಿ ಅರಮನೆಯನ್ನೂ ತೋಟವನ್ನೂ ಕಲ್ಪಿಸಿ, 1806ರಲ್ಲಿ ಹೊತ್ತಗೆ ಒಪ್ಪಿಸಿದ. ಯುವರಾಜ ಮೆಚ್ಚಿಕೊಂಡ. ಆದರೆ ಹಣವಿರಲಿಲ್ಲ, ಕೆಲಸ ನಡೆಯಲಿಲ್ಲ. 1815ರಲ್ಲಿ ಭಾರತೀಯ ಗುಮ್ಮಟಗಳ ಅರಮನೆಯೇನೋ ಏಳತೊಡಗಿತು; ಕಟ್ಟುವ ಕೆಲಸ ಸಿಕ್ಕಿದ್ದು ರೆಪ್ಟನ್ನನ ಹಳೆಯ ಪಾಲುದಾರ ಜಾನ್ ನ್ಯಾಶ್‌ಗೆ. ರೆಪ್ಟನ್ನನ ಮಗ ಜಾರ್ಜ್ ಆಗ ನ್ಯಾಶನ ಕಚೇರಿಯಲ್ಲೇ ದುಡಿಯುತ್ತಿದ್ದ.

ಅಷ್ಟರಲ್ಲಿ, 1811ರ ಜನವರಿಯಲ್ಲಿ, ಹೆಣ್ಣುಮಕ್ಕಳೊಂದಿಗೆ ನೃತ್ಯಕೂಟದಿಂದ ಹಿಂದಿರುಗುವಾಗ ಬಂಡಿ ಮಗುಚಿ ರೆಪ್ಟನ್ನನ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಗಾಲಿಕುರ್ಚಿಯ ಬದುಕು, ಯುದ್ಧಕಾಲದ ತೆರಿಗೆಗಳಿಂದ ಹಳೆಯ ಧಣಿಗಳೂ ಕೈ ಬಿಗಿಹಿಡಿದಿದ್ದರು. 1816ರ ತನ್ನ ಕೊನೆಯ ಪುಸ್ತಕದಲ್ಲಿ ಆತ ಎಸೆಕ್ಸಿನ ಹೇರ್ ಸ್ಟ್ರೀಟಿನ ತನ್ನ ಸ್ವಂತ ಪುಟ್ಟ ಮನೆಯ ಕಿಟಕಿಯ ನೋಟವನ್ನೇ ಅದೇ ವಿಧಾನದಲ್ಲಿ ಚಿತ್ರಿಸಿದ. ಮೇಲಿನ ಕಾಗದದಲ್ಲಿ ಬೀದಿ, ಎದುರಿಗೆ ಮಾಂಸ ತೂಗುಬಿಟ್ಟ ಕಸಾಯಿ ಅಂಗಡಿ, ಬೇಲಿಗೆ ಒರಗಿ ನಿಂತ ಅಂಗಹೀನ ಭಿಕ್ಷುಕ. ಕಾಗದ ಎತ್ತಿದರೆ ಬೇಲಿ ಮುಂದಕ್ಕೆ ಸರಿದಿದೆ, ಗುಲಾಬಿಗಳು ಏರಿವೆ, ಅಂಗಡಿಯ ಮಾಂಸ ಕಣ್ಣಿಗೆ ಬೀಳದು.

ಗಿರಾಕಿಯೂ ತಾನೇ, ತೋಟಗಾರನೂ ತಾನೇ ಆದ ಈ ಚಿತ್ರ ನನಗೆ ಆತನ ದೊಡ್ಡ ಕೆಲಸಗಳಿಗಿಂತ ಹೆಚ್ಚು ಹಿಡಿಸುತ್ತದೆ. ನಡೆಯಲಾರದ ಮುದುಕ ಆ ಕಿಟಕಿಯ ಬಳಿ ಕುಳಿತು ಗುಲಾಬಿ ನೋಡಬಯಸಿದರೆ ಯಾರು ತಪ್ಪೆಂದಾರು? ಆದರೂ ಪ್ರತಿ ಸಲ ನೋಡಿದಾಗಲೂ ನಾನು ಹೂಗಳ ನಡುವೆ ಆ ಭಿಕ್ಷುಕನನ್ನು ಹುಡುಕುತ್ತೇನೆ. ಆತ ನಿಂತಿದ್ದ ಜಾಗ ಈಗ ಬೇಲಿಯ ಒಳಗೆ ಸೇರಿದೆ.